ಅಂಗಿ ನೋಡಿ ಕುರ್ಚಿ

1980ರ ದಶಕದ ರಾಯಚೂರಿನಲ್ಲಿ ಲೂಯಿ ವಿಟಾನ್, ಗುಚ್ಚಿ, ಪ್ರಾಡಾ ಎಂಬ ಹೆಸರು ಕೇಳಿದವರು ಸಿಗುವುದು ಕಷ್ಟವಿತ್ತು. ಆದರೂ ಎದುರಿಗೆ ಬಂದವನ ತೂಕ ಎಷ್ಟು ಎಂದು ಅಂದಾಜು ಮಾಡುವುದನ್ನು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಜೇಂದ್ರ ಗಂಜಿನ ಅಡತ್ ಅಂಗಡಿಯ ದಲ್ಲಾಳಿ, ತೀನ್ ಕಂದಿಲ್ ಕಡೆಯ ಬಟ್ಟೆ ಅಂಗಡಿಯ ಗುಮಾಸ್ತ, ತಹಶೀಲ್ ಕಚೇರಿಯ ಬಾಗಿಲಲ್ಲಿ ನಿಂತ ಜವಾನ, ಮೂವರೂ ಒಂದೇ ನೋಟಕ್ಕೆ ಲೆಕ್ಕ ಮುಗಿಸುತ್ತಿದ್ದರು. ಧೋತರ ಪಾದದ ತನಕ ಇಳಿದಿದೆಯೋ ಮೊಣಕಾಲಿಗೆ ಎತ್ತಿ ಕಟ್ಟಿದೆಯೋ, ತಲೆಗೆ ರುಮಾಲು ಇದೆಯೋ ಟವೆಲ್ಲೋ, ಅಂಗಿ ಟೆರಿಕಾಟೋ ಮಾಸಿದ ಮಿಲ್ ಬಟ್ಟೆಯೋ, ಕೈಯಲ್ಲಿ ಎಚ್‌ಎಂಟಿ ಗಡಿಯಾರ ಇದೆಯೋ, ಕಾಲಲ್ಲಿ ಇರುವುದು ಬಾಟಾ ಬೂಟೋ ಟೈರಿನ ಚಪ್ಪಲಿಯೋ. ಈ ಲೆಕ್ಕದ ಮೇಲೆ ‘ಬರ್ರಿ, ಕೂಡ್ರಿ’ ಅನ್ನಬೇಕೋ, ‘ಏನಪಾ, ಏನ್ ಬೇಕು’ ಅಂದರೆ ಸಾಕೋ, ‘ಹೊರಗ ನಿಂದ್ರು’ ಅಂತ ಗದರಿಸಬಹುದೋ ಎಂಬುದು ತೀರ್ಮಾನವಾಗುತ್ತಿತ್ತು. ಕುರ್ಚಿ ಒಂದೇ ಇರುತ್ತಿತ್ತು, ಅದು ಅಂಗಿಯನ್ನು ನೋಡಿ ಸಿಗುತ್ತಿತ್ತು. ಇಂದು ಅದೇ ರಾಯಚೂರಿನ ಬೀದಿಯಲ್ಲಿ, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಮಾನ್ವಿಯ ಸಂತೆಯಲ್ಲಿ ಎದೆಯ ಮೇಲೆ ಮೊಸಳೆ, ಕುದುರೆ, ಪರದೇಶದ ಅಕ್ಷರಗಳನ್ನು ಅಂಟಿಸಿಕೊಂಡ ಹುಡುಗರು ತಿರುಗಾಡುವುದನ್ನು ಕಂಡು ನನ್ನ ವಾರಿಗೆಯವರು ‘ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ’ ಎಂದು ನಗುವುದುಂಟು. ಕುರ್ಚಿಯ ಆ ಹಳೆಯ ಲೆಕ್ಕ ನೆನಪಿರುವ ನನಗೆ ಈ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಬ್ರಾಂಡಿನ ಹಿಂದೆ ಬಿದ್ದವರ ಶೋಕಿಯನ್ನು ಎಲ್ಲರೂ ಎತ್ತಿ ಆಡುತ್ತಾರೆ. ಆ ಶೋಕಿಯನ್ನು ಕಡ್ಡಾಯ ಮಾಡಿದ ಕಣ್ಣುಗಳ ವಿಚಾರಣೆ ಮಾತ್ರ ನಡೆಯುವುದೇ ಇಲ್ಲ.

ಇದು ಟಿವಿ, ಮೊಬೈಲು ಬಂದ ಮೇಲೆ ಅಂಟಿದ ರೋಗ ಎಂಬ ನಂಬಿಕೆಯನ್ನು ಮೊದಲು ಬಗೆಹರಿಸಬೇಕು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ನೂರಾರು ವರ್ಷ ಕಾದಾಡಿದ ದೊರೆಗಳೇ ಬಟ್ಟೆಯ ವಿಷಯದಲ್ಲಿ ಪರಸ್ಪರ ನಕಲು ಮಾಡಿದವರು. ಕೃಷ್ಣದೇವರಾಯ ರಾಯಚೂರಿನ ಕೋಟೆಯನ್ನು ಬಿಜಾಪುರದ ಆದಿಲ್‌ಶಾಹಿಗಳಿಂದ ಗೆದ್ದದ್ದು 1520ರಲ್ಲಿ. ಸರಿಸುಮಾರು ಅದೇ ಕಾಲಕ್ಕೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜ ಉಟ್ಟ ಬಿಳಿ ಬಟ್ಟೆಯ ಮೇಲೆ ಚಿನ್ನದ ಗುಲಾಬಿಗಳ ಕಸೂತಿ ಇದ್ದುದನ್ನೂ, ಕೊರಳಲ್ಲಿ ವಜ್ರ ಇದ್ದುದನ್ನೂ, ತಲೆಯ ಮೇಲೆ ಜರತಾರಿಯ ಟೊಪ್ಪಿಗೆ ಇದ್ದುದನ್ನೂ ಬರೆದಿಟ್ಟಿದ್ದಾನೆ. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ಕಾಣುವ ಉದ್ದ ತೋಳಿನ ಬಿಳಿ ನಿಲುವಂಗಿ, ಎತ್ತರದ ಟೊಪ್ಪಿಗೆಗಳು ಇವೇ. ಅವಕ್ಕೆ ಕಬಾಯಿ, ಕುಳ್ಳಾಯಿ ಎಂದು ಹೆಸರು. ಎರಡೂ ಅರಬ್, ಪಾರಸಿ ದೇಶಗಳ ಉಡುಪಿನಿಂದ ಬಂದವು. ಈ ಉಡುಪನ್ನು ಕುರಿತು ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟು: ಯುದ್ಧಭೂಮಿಯಲ್ಲಿ ಶತ್ರುಗಳಾದರೂ ವಿಜಯನಗರದ ಅರಸರು ದರ್ಬಾರಿನಲ್ಲಿ ಸುಲ್ತಾನರ ಉಡುಪನ್ನೇ ಉಟ್ಟರು, ಯಾಕೆಂದರೆ ಅಂದಿನ ದೊಡ್ಡ ಲೋಕದಲ್ಲಿ ದೊರೆ ಎನಿಸಿಕೊಳ್ಳಲು ಆ ಉಡುಪು ಬೇಕಿತ್ತು. ಊರ ದೇವಸ್ಥಾನಕ್ಕೆ ಹೋಗುವಾಗ ಬೇಕಿರಲಿಲ್ಲ, ಹೊರಗಿನ ರಾಯಭಾರಿ ಬಂದಾಗ ಬೇಕಿತ್ತು. ಅಪರಿಚಿತನ ಕಣ್ಣಿಗಾಗಿ ಉಡುವ ಬಟ್ಟೆ ಅದು. ಸಾಮ್ರಾಜ್ಯವನ್ನೇ ಆಳುತ್ತಿದ್ದವನಿಗೂ ಅಂಥ ಒಂದು ಬಟ್ಟೆ ಬೇಕಾಗಿತ್ತು ಎಂದ ಮೇಲೆ ದೇವದುರ್ಗದ ಗಾರೆ ಕೆಲಸದ ಹುಡುಗನನ್ನು ಮಾತ್ರ ಹಿಡಿದು ಬೈಯುವುದು ಯಾವ ನ್ಯಾಯ?

ನಿಜಾಮರ ಕಾಲಕ್ಕೆ ಬಂದರೆ ಹೆಸರು ಬದಲಾಯಿತೇ ಹೊರತು ಪದ್ಧತಿ ಬದಲಾಗಲಿಲ್ಲ. ಹೈದರಾಬಾದಿನ ದರ್ಬಾರಿಗೆ ಹೋಗುವವರು ತಲೆಗೆ ದಸ್ತಾರ್, ನಡುವಿಗೆ ಬಗ್ಲೂಸ್ ಕಟ್ಟಲೇಬೇಕಿತ್ತು. ರಾಯಚೂರಿನ ವಕೀಲರು, ಅಧಿಕಾರಿಗಳು, ಜಾಗೀರುದಾರರ ಪೈಕಿಯವರು ಜಾತಿಮತದ ಭೇದವಿಲ್ಲದೆ ಶೇರ್ವಾನಿ ತೊಟ್ಟರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿದ ಮೇಲೆ ಆ ಜಾಗಕ್ಕೆ ಬಿಳಿ ಖಾದಿ, ಗಾಂಧಿ ಟೊಪ್ಪಿಗೆ ಬಂದವು. ಹೋರಾಟದ ದಿನಗಳಲ್ಲಿ ಅಪಾಯದ ಗುರುತಾಗಿದ್ದ ಟೊಪ್ಪಿಗೆ ಆಮೇಲೆ ಕಚೇರಿಯ ಬಾಗಿಲು ತೆರೆಸುವ ಗುರುತಾಯಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಇಂದಿಗೂ ನಮ್ಮ ಜಿಲ್ಲೆಯಲ್ಲಿ ರಾಜಕಾರಣಿಯ ಸಮವಸ್ತ್ರ. ಕೆಂಪು ಮಣ್ಣು, ಕರಿ ಮಣ್ಣು, ನಲವತ್ತು ದಾಟುವ ಬಿಸಿಲು ಇರುವ ನಾಡಿನಲ್ಲಿ ದಿನವಿಡೀ ಕಲೆಯಿಲ್ಲದ ಬಿಳಿ ಅಂಗಿಯಲ್ಲಿ ಇರುವುದೆಂದರೆ, ನನಗೆ ಮಣ್ಣಿನ ಕೆಲಸ ಇಲ್ಲ, ನನ್ನ ಬಟ್ಟೆ ಒಗೆಯುವವರು ಬೇರೆ ಇದ್ದಾರೆ ಎಂದು ಸಾರಿ ಹೇಳಿದ ಹಾಗೆ. ದುಡಿಯದೆ ಇರುವ ಶಕ್ತಿಯನ್ನು ತೋರಿಸುವುದೇ ಪ್ರತಿಷ್ಠೆಯ ಮೂಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿ ಬರೆದದ್ದು ಪಶ್ಚಿಮದ ಸಿರಿವಂತರನ್ನು ಕಂಡು. ಆತನ ಮಾತಿಗೆ ನಮ್ಮ ತಾಲ್ಲೂಕು ಪಂಚಾಯಿತಿಯ ಜಗುಲಿಯಲ್ಲೂ ಬೇಕಾದಷ್ಟು ಸಾಕ್ಷಿ ಸಿಗುತ್ತದೆ.

ಹೆಂಗಸರ ಸಂಗತಿ ಬೇರೆ. ಅದನ್ನು ಬೇರೆಯಾಗಿಯೇ ನೋಡಬೇಕು. ಇಳಕಲ್ಲಿನಿಂದ ಬರುತ್ತಿದ್ದ ಸೀರೆಗೆ ಯಾವ ಕಂಪನಿಯ ಮುದ್ರೆಯೂ ಇರಲಿಲ್ಲ. ಆದರೂ ಕೆಂಪು ಸೆರಗಿನ ಟೋಪು ತೆನಿ ರೇಷ್ಮೆಯದೋ ಅಲ್ಲವೋ, ಒಡಲು ನೂಲಿನದೋ ರೇಷ್ಮೆಯದೋ, ಅಂಚು ಗೋಮಿಯೋ ಚಿಕ್ಕಿ ಪರಾಸೋ ಎಂಬುದನ್ನು ಬಾವಿಕಟ್ಟೆಯ ಹೆಂಗಸರು ದೂರದಿಂದಲೇ ಹೇಳಬಲ್ಲವರಾಗಿದ್ದರು. ಕೊರಳಿನ ಬೋರಮಾಳ, ಗುಂಡಿನ ಸರ, ಕಿವಿಯ ಬುಗುಡಿ, ನಡುವಿನ ಬೆಳ್ಳಿ ಡಾಬು, ಎಲ್ಲಕ್ಕೂ ತೊಲಿಯ ಲೆಕ್ಕ. ಬಂಗಾರದ ವಿಷಯಕ್ಕೆ ಬಂದರೆ ರಾಯಚೂರು ಜಿಲ್ಲೆಯಷ್ಟು ಹಕ್ಕಿನಿಂದ ಮಾತಾಡಬಲ್ಲ ಜಿಲ್ಲೆ ದೇಶದಲ್ಲಿ ಇನ್ನೊಂದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಹಳೆಯ ಕಾಲದವರೇ ಬಲು ಆಳಕ್ಕೆ ತೋಡಿದ ಗಣಿಗಳಿವೆ. ಅಶೋಕನ ಹೆಸರು ಸ್ಪಷ್ಟವಾಗಿ ಕೊರೆದಿರುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು, ಇತಿಹಾಸದ ಪಂಡಿತನಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಆಗಿ ಶುರುವಾದ ಕಂಪನಿ ಇಂದಿನ ಹಟ್ಟಿ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಹೆಚ್ಚುಕಡಿಮೆ ಇದೇ. ಅದರ ಒಂದು ಘಟಕ ದೇವದುರ್ಗ ತಾಲ್ಲೂಕಿನ ಊಟಿಯಲ್ಲೂ ಇದೆ. ಕಾಲ ಕೆಳಗೆ ಚಿನ್ನ ಇರುವ ದೇವದುರ್ಗ, ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇದೆ. ಮಾನ್ವಿಯೂ ಇದೆ.

ಬಂಗಾರವನ್ನೂ ಬ್ರಾಂಡಿನ ಅಂಗಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬ ಆಕ್ಷೇಪ ಇಲ್ಲಿಯೇ ಬರುತ್ತದೆ, ಅದರಲ್ಲಿ ಹುರುಳಿದೆ. ಬೋರಮಾಳ ತೊಟ್ಟ ಹೆಣ್ಣುಮಗಳು ತೊಟ್ಟದ್ದು ಬರೀ ಡೌಲನ್ನಲ್ಲ, ಒಂದು ಬ್ಯಾಂಕನ್ನು. ಮಳೆ ಕೈಕೊಟ್ಟ ವರ್ಷ ಅದು ಸರಾಫನ ಅಂಗಡಿಯಲ್ಲಿ ಒತ್ತೆಗೆ ಹೋಗಿ ಬೀಜ, ಗೊಬ್ಬರ ಆಗುತ್ತಿತ್ತು, ಬೆಳೆ ಬಂದಾಗ ಬಿಡಿಸಿಕೊಂಡರೆ ಮತ್ತೆ ಕೊರಳಿಗೆ ಏರುತ್ತಿತ್ತು. ಭೂಮಿ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ ಇದ್ದ ಹೆಣ್ಣಿಗೆ ತನ್ನದು ಎನ್ನುವ ಆಸ್ತಿ ಅದೊಂದೇ ಆಗಿದ್ದುದೂ ಉಂಟು. ಎರಡು ಸಾವಿರದ ಬೂಟನ್ನು ಯಾವ ಸರಾಫನೂ ಒತ್ತೆ ಇಟ್ಟುಕೊಳ್ಳುವುದಿಲ್ಲ. ಈ ವ್ಯತ್ಯಾಸ ದೊಡ್ಡದು. ಪ್ರತಿಷ್ಠೆಯ ಗುರುತು ಬಂಗಾರದಿಂದ ಬ್ರಾಂಡಿಗೆ ಜಾರಿದಾಗ ಬಡವನ ಕೈಯಿಂದ ಒಂದು ಆಸರೆಯೂ ಜಾರಿತು ಎಂಬುದನ್ನು ಒಪ್ಪಲೇಬೇಕು. ಆದರೆ ಬಂಗಾರ ಎಂದಿಗೂ ಎಲ್ಲರ ಗುರುತಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಹೊಲವಿಲ್ಲದ ಕೂಲಿಯವಳ ಕೊರಳಲ್ಲಿ ಇದ್ದುದು ಕರಿಮಣಿಯ ನಡುವೆ ಒಂದೆರಡು ಗುಂಡು. ಊರ ಲೆಕ್ಕದಲ್ಲಿ ಆಕೆಗೆ ತೂಕವೇ ಇರಲಿಲ್ಲ.

ಈ ಲೆಕ್ಕವನ್ನು ಕದಡಿದ್ದು ನೀರು. ತುಂಗಭದ್ರಾ ಅಣೆಕಟ್ಟೆಯ ಕೆಲಸ 1953ರಲ್ಲಿ ಮುಗಿದ ಮೇಲೆ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ ಬಂತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದರು. ಜೋಳ ತಿನ್ನುವ ನಾಡಿನಲ್ಲಿ ರೈಸ್‌ಮಿಲ್ಲುಗಳು ಎದ್ದವು. ಕೃಷ್ಣೆಯ ನಾರಾಯಣಪುರ ಅಣೆಕಟ್ಟೆ 1982ರಲ್ಲಿ ಮುಗಿದು ಅದರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ನೀರಿನ ಮುಂದೆ ಹಳೆಯ ಗುರುತುಗಳು ಸೋತವು. ಎತ್ತುಗಳನ್ನೇ ನೋಡಿ. ಕಾರ ಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಹಬ್ಬದಲ್ಲಿ ಭಾರದ ಕಲ್ಲು ಎಳೆಯುವ ಜೋಡಿ ಎತ್ತುಗಳಿಗೆ ಇಂದಿಗೂ ಜನ ಮುಗಿಬೀಳುತ್ತಾರೆ. ಆದರೆ ಆ ಎತ್ತುಗಳಲ್ಲಿ ಹೆಚ್ಚಿನವು ಈಗ ಹೊಲ ಹೂಡುವುದಿಲ್ಲ, ಪಂದ್ಯಕ್ಕಾಗಿಯೇ ಸಾಕಿದವು. ಹಿಂದೆ ಉಳುಮೆಯ ಎತ್ತು ಸಿರಿವಂತಿಕೆಯ ಕಾರಣವಾಗಿತ್ತು, ಈಗ ಸಿರಿವಂತಿಕೆಯ ಪ್ರದರ್ಶನ. ಹೊಸ ದುಡ್ಡು ಬಂದವರು ಬುಲೆಟ್ ಕೊಂಡರು, ಸಫಾರಿ ಹೊಲಿಸಿದರು, ಮಗಳ ಮದುವೆಗೆ ಕಂಚಿ ಸೀರೆ ತಂದರು. ಇಳಕಲ್ ಸೀರೆ ‘ಮುದುಕೇರು ಉಡೋದು’ ಆಯಿತು. ಕಾಲುವೆಯ ಕೊನೆಭಾಗದ ಹೊಲಗಳಿಗೆ ನೀರು ಬರಲೇ ಇಲ್ಲ, ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಇಂದಿಗೂ ಅದಕ್ಕಾಗಿ ರಸ್ತೆಗಿಳಿಯುತ್ತಾರೆ. ನೀರು ಬಾರದ ಹೊಲದವನ ಮಗನೂ, ಹೊಲವೇ ಇಲ್ಲದವನ ಮಗನೂ ಬೆಂಗಳೂರಿನ ಬಸ್ಸು ಹತ್ತಿದರು.

ಗುಳೆ ಹೋದವರಿಗೆ ಬ್ರಾಂಡಿನ ಅಂಗಿ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೂ ಇದೆ, ಊರಿನಲ್ಲೂ ಇದೆ. ಊರಿನಲ್ಲಿ ಯಾರನ್ನೂ ಹೊಸದಾಗಿ ಅಳೆಯುವ ಅಗತ್ಯ ಇಲ್ಲ. ‘ಯಾರ ಪೈಕಿ? ಯಾರ ಮನಿಯವ?’ ಎಂಬ ಎರಡು ಪ್ರಶ್ನೆಗೆ ಜಾತಿ, ಹೊಲ, ಅಜ್ಜನ ಸಾಲ ಎಲ್ಲವೂ ಹೊರಬೀಳುತ್ತವೆ. ಗೌಡರ ಮಗ ಹರಿದ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕುಳಿತರೂ ಗೌಡರ ಮಗನೇ. ಅವನಿಗೆ ಎದೆಯ ಮೇಲೆ ಮೊಸಳೆ ಬೇಡ. ಬೇಕಾಗುವುದು ಆ ಎರಡು ಪ್ರಶ್ನೆಗಳ ಉತ್ತರ ಯಾರ ಪಾಲಿಗೆ ಕುತ್ತಾಗಿದೆಯೋ ಅವರಿಗೆ. ಬೆಂಗಳೂರಿನಲ್ಲಿ ಆ ಪ್ರಶ್ನೆ ಕೇಳುವವರಿಲ್ಲ, ಅದು ದೊಡ್ಡ ಬಿಡುಗಡೆ. ಆದರೆ ಅಲ್ಲಿ ಬಟ್ಟೆಯೊಂದೇ ವಿಳಾಸ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ಬಟ್ಟೆ ಕೊಳೆಯಾಗಿದೆ ಎಂದು ಟಿಕೆಟ್ ಇದ್ದ ರೈತನೊಬ್ಬನನ್ನು ತಡೆದರು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತನನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ಎರಡೂ ಸಲ ಗದ್ದಲವಾಯಿತು, ಮೆಟ್ರೊ ತನ್ನ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು, ಮಾಲನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಯಾರೋ ವಿಡಿಯೊ ಮಾಡಿದ್ದರಿಂದ ಇವು ಸುದ್ದಿಯಾದವು. ವಿಡಿಯೊ ಆಗದೆ ಹೋದ ತಡೆಗಳನ್ನು ಗುಳೆ ಹೋದವರು ಒಳಗೇ ಇಟ್ಟುಕೊಂಡಿದ್ದಾರೆ. ಸುಗ್ಗಿಗೋ ಜಾತ್ರೆಗೋ ಊರಿಗೆ ಬರುವಾಗ ತರುವ ಅಂಗಿ, ಬೂಟು, ಕೂಲಿಂಗ್ ಗ್ಲಾಸು ಆ ತಡೆಗಳಿಗೆ ಕಂಡುಕೊಂಡ ಉಪಾಯ. ಊರಿನಲ್ಲೂ ಅವು ಕೆಲಸ ಮಾಡುತ್ತವೆ. ‘ಯಾರ ಮನಿಯವ’ ಎಂದು ಕೇಳಬೇಕೆಂದವನು ಒಂದು ಗಳಿಗೆ ತಡೆಯುತ್ತಾನೆ.

ಈ ಅಂಗಿ ನಿಜವಾಗಿ ಏನಾದರೂ ದೊರಕಿಸುತ್ತದೆಯೇ, ಅಥವಾ ತೊಟ್ಟವನ ಭ್ರಮೆಯೇ ಎಂದು ಕೇಳಬಹುದು. ನೆದರ್‌ಲೆಂಡ್ಸಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ನೆಲಿಸನ್ ಮತ್ತು ಮೈಯರ್ಸ್, 2011ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಒಬ್ಬಳೇ ಯುವತಿ, ಒಂದೇ ಬಗೆಯ ಅಂಗಿ, ಒಂದೇ ಮಾತು. ಮಾಲಿನಲ್ಲಿ ಹೋಗಿಬರುವವರನ್ನು ನಿಲ್ಲಿಸಿ ಸಮೀಕ್ಷೆಗೆ ಉತ್ತರ ಕೇಳಬೇಕು. ಅಂಗಿಯ ಮೇಲೆ ಪ್ರಸಿದ್ಧ ಬ್ರಾಂಡಿನ ಮುದ್ರೆ ಇದ್ದಾಗ ಅರ್ಧಕ್ಕಿಂತ ಹೆಚ್ಚು ಜನ ನಿಂತು ಉತ್ತರಿಸಿದರು, ಮುದ್ರೆ ಇಲ್ಲದಾಗ ಸುಮಾರು ಏಳರಲ್ಲಿ ಒಬ್ಬರು. ಸಮಾನತೆಗೆ ಹೆಸರಾದ ದೇಶದಲ್ಲೇ ಹೀಗೆ. ರಾಯಚೂರಿನ ಜವಾನನ ಕಣ್ಣಿನ ಲೆಕ್ಕ ಅಲ್ಲಿಯೂ ನಡೆಯುತ್ತದೆ ಎಂದಾಯಿತು. ಇನ್ನೊಂದು ಅಧ್ಯಯನ ನಮ್ಮ ರಾಜ್ಯದ್ದೇ. ಕರ್ನಾಟಕದ ಹಳ್ಳಿಗಳ ಕುಂಬಾರ ಕುಟುಂಬಗಳ ಮದುವೆ ಖರ್ಚನ್ನು ನೋಡಿ ಫ್ರಾನ್ಸಿಸ್ ಬ್ಲಾಕ್, ವಿಜಯೇಂದ್ರ ರಾವ್, ಸೊನಾಲ್ಡೆ ದೇಸಾಯಿ 2004ರಲ್ಲಿ ಬರೆದ ಪ್ರಬಂಧ ಅದು. ಮಗಳನ್ನು ಊರೊಳಗೇ ಕೊಟ್ಟರೆ ಖರ್ಚು ಕಡಿಮೆ, ಪರವೂರಿಗೆ ಕೊಟ್ಟರೆ ಮದುವೆ ಅದ್ಧೂರಿ ಎಂಬುದು ಅವರಿಗೆ ಕಂಡಿತು. ಊರಿನ ಬೀಗರ ಯೋಗ್ಯತೆ ಊರಿಗೇ ಗೊತ್ತು, ತೋರಿಸಬೇಕಾಗಿಲ್ಲ. ಹೊರಗಿನವರ ಯೋಗ್ಯತೆಯನ್ನು ಮಂದಿಗೆ ಕಾಣಿಸಲು ಮೆರವಣಿಗೆ, ಪೆಂಡಾಲು ಬೇಕು. ಹೀಗಾಗಿ ಆಡಂಬರವನ್ನು ದುಡ್ಡಿನ ಮದ ಎಂದು ಮಾತ್ರ ಓದಿದರೆ ತಪ್ಪಾಗುತ್ತದೆ. ಗುರುತಿಲ್ಲದ ಜಾಗದಲ್ಲಿ ಜಾಮೀನಿನ ಬದಲು ಕೊಡುವ ಪಗಡಿ ಅದು, ಜಾಮೀನು ನಿಲ್ಲುವವರು ಇಲ್ಲದವರೇ ಅದನ್ನು ಹೆಚ್ಚು ಕಟ್ಟುತ್ತಾರೆ.

ಜಾತಿಯ ಮಾತು ಬರದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಮೇಲಿನ ಓಣಿಯಲ್ಲಿ ಹಾದುಹೋಗುವಾಗ ದಲಿತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಿದ್ದ ಕಾಲ ನಮ್ಮ ಕಡೆಯ ಮುದುಕರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವರೇ ಬರಿಗಾಲಲ್ಲಿ ನಡೆಯಬೇಕಿತ್ತು. ಗಂಜಿ ಹಾಕಿದ ಧೋತರ ಉಟ್ಟದ್ದಕ್ಕೆ, ಮೀಸೆ ತಿರುವಿದ್ದಕ್ಕೆ, ಮದುವೆಯಲ್ಲಿ ಕುದುರೆ ಏರಿದ್ದಕ್ಕೆ ಏಟು ತಿಂದವರ ಸುದ್ದಿ ದೇಶದ ಯಾವ ಮೂಲೆಯಿಂದಲೂ ಬರಬಹುದು. ಹೀಗಿರುವಾಗ ಯಾರು ಯಾವುದನ್ನು ತೊಡಬೇಕು ಎಂಬುದು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತಾಡಿದರು. ಜಾತಿಯನ್ನು ದೂರದಿಂದಲೇ ಸಾರುವ ಹಾಗೆ ಸೀರೆ ಉಡುವುದನ್ನು ಬಿಡಿ, ತೋಳು ತುಂಬ ಹಾಕುವ ಹೀನ ಲೋಹದ ಭಾರದ ಒಡವೆ ಬಿಡಿ, ಬಟ್ಟೆ ಶುದ್ಧವಾಗಿರಲಿ ಎಂಬುದು ಅವರ ಮಾತಿನ ತಾತ್ಪರ್ಯ. ಕೇಳಿದ ಹೆಂಗಸರು ಅಲ್ಲಿಯೇ ಸೀರೆ ಉಡುವ ರೀತಿ ಬದಲಿಸಿಕೊಂಡರಂತೆ. ಗಾಂಧೀಜಿ ತುಂಡುಬಟ್ಟೆ ಉಟ್ಟಾಗ ಅದು ತ್ಯಾಗ, ಯಾಕೆಂದರೆ ಬಿಡಲು ಅವರ ಹತ್ತಿರ ಬೇರೆ ಬಟ್ಟೆ ಇತ್ತು. ಅಂಬೇಡ್ಕರ್ ಸೂಟು ತೊಟ್ಟದ್ದೂ ಅಷ್ಟೇ ದೊಡ್ಡ ರಾಜಕೀಯ. ಊರೂರಿನ ಪ್ರತಿಮೆಗಳಲ್ಲಿ ನೀಲಿ ಸೂಟಿನ ಅಂಬೇಡ್ಕರರನ್ನು ನೋಡುತ್ತ ಬೆಳೆದ ಹುಡುಗನಿಗೆ ಒಳ್ಳೆಯ ಬಟ್ಟೆ ಎಂದರೆ ಏನೆಂದು ನಾವು ಪಾಠ ಮಾಡುವ ಅಗತ್ಯವಿಲ್ಲ.

ಸರಳತೆಯನ್ನು ಮುಂದಿಟ್ಟು ವಾದಿಸುವವರು ನಮ್ಮ ಕಡೆ ಕಡಿಮೆ ಇಲ್ಲ. ದಾಸರ ನೆಲ ಇದು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು, ಹರಿಕಥಾಮೃತಸಾರದ ಜಗನ್ನಾಥದಾಸರು ಮಾನ್ವಿಯಲ್ಲಿ ಬಾಳಿದವರು. ಜಗನ್ನಾಥದಾಸರ ಐತಿಹ್ಯ ಎಲ್ಲರಿಗೂ ಗೊತ್ತಿರುವಂಥದ್ದು. ಶ್ರೀನಿವಾಸಾಚಾರ್ಯ ಎಂಬ ಹೆಸರಿನ ಸಂಸ್ಕೃತ ಪಂಡಿತರಾಗಿದ್ದಾಗ ಅವರು, ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರನ್ನು ಹಗುರವಾಗಿ ಕಂಡು ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರು. ನೆಪ ನಿಜವಾಯಿತು. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷ ಕೊಟ್ಟ ಮೇಲೆ ಬದುಕಿ, ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ದಾಸರಾದರು. ಈ ಕಥೆಯನ್ನು ಹೇಳಿ, ನೋಡಿ ದೊಡ್ಡವರೇ ವೇಷ ಬಿಟ್ಟರು, ನಿಮಗೇಕೆ ಬ್ರಾಂಡು ಎಂದು ಕೇಳುವುದು ಸುಲಭ. ಆದರೆ ಕಥೆ ದಂಡಿಸುವುದು ಯಾರನ್ನು? ತಂಬೂರಿ ಹಿಡಿದು ಬಂದವನನ್ನಲ್ಲ, ತಂಬೂರಿ ನೋಡಿ ಇವನು ಕೀಳು ಎಂದುಕೊಂಡ ಪಂಡಿತನನ್ನು. ನೋಡಿದವನಿಗೆ ಹೊಟ್ಟೆನೋವು ಬಂತೇ ಹೊರತು ನೋಡಿಸಿಕೊಂಡವನಿಗೆ ಬರಲಿಲ್ಲ. ಸರಳತೆಯ ಬೋಧನೆಯನ್ನು ಕೇಳಬೇಕಾದವರು ಯಾರು ಎಂಬುದನ್ನು ನಮ್ಮ ಪರಂಪರೆ ನಮಗಿಂತ ಚೆನ್ನಾಗಿ ತಿಳಿದಿತ್ತು ಎಂದೇ ನನಗೆ ತೋರುತ್ತದೆ.

ಸಾಲದ ಆಕ್ಷೇಪ ಇದಕ್ಕಿಂತ ಗಟ್ಟಿ. ಕೂಲಿಯ ದುಡ್ಡಿನಲ್ಲಿ, ಫೈನಾನ್ಸಿನ ಕಂತಿನಲ್ಲಿ ಬೂಟು, ಫೋನು, ಬೈಕು ಕೊಳ್ಳುವುದು ಮನೆ ಮುರಿಯುವ ಕೆಲಸ ಎಂಬುದನ್ನು ಅಲ್ಲಗಳೆಯಲು ಬರುವುದಿಲ್ಲ. ಮೈಕ್ರೊಫೈನಾನ್ಸಿನವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾದ ರಾಜ್ಯ ನಮ್ಮದು. ಆದರೆ ಆ ಸಾಲಗಳನ್ನೆಲ್ಲ ಶೋಕಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆಸ್ಪತ್ರೆ, ಮದುವೆ, ಒಣಗಿದ ಬೋರ್‌ವೆಲ್ಲುಗಳ ಪಾಲು ಏನೆಂದು ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ರಾಜಸ್ಥಾನದ ಉದಯಪುರದ ಕಡುಬಡವರ ಖರ್ಚನ್ನು ನೋಡಿದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ, ಅರೆಹೊಟ್ಟೆಯ ಮನೆಗಳೂ ವರ್ಷದ ಖರ್ಚಿನ ಸುಮಾರು ಹತ್ತನೆಯ ಒಂದು ಪಾಲನ್ನು ಹಬ್ಬಹರಿದಿನಗಳಿಗೆ ಇಡುತ್ತವೆ ಎಂದು ಕಂಡಿತ್ತು. ಅವರು ಅದನ್ನು ದಡ್ಡತನ ಎಂದು ಬರೆಯಲಿಲ್ಲ. ವೆಬ್ಲೆನ್ ಕೂಡ, ಎಷ್ಟೇ ಬಡವನಾದರೂ ತೋರಿಕೆಯ ಖರ್ಚನ್ನು ಪೂರ್ತಿ ಬಿಡುವ ವರ್ಗ ಯಾವುದೂ ಇಲ್ಲ ಎಂದಿದ್ದ. ಅನ್ನ ಬಟ್ಟೆಯ ಹಾಗೆ ಮರ್ಯಾದೆಯೂ ಖರ್ಚಿನ ಬಾಬತ್ತೇ, ಅದು ಯಾರಿಗೆ ಪುಕ್ಕಟೆ ಸಿಗುತ್ತದೋ ಅವರಿಗೆ ಆ ಖರ್ಚು ಕಣ್ಣಿಗೆ ಬೀಳುವುದಿಲ್ಲ.

ಡೂಪ್ಲಿಕೇಟ್ ತೊಡುವುದು ಮೋಸ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ನಮ್ಮ ಸಂತೆಗಳಲ್ಲಿ ಮುನ್ನೂರು ರೂಪಾಯಿಗೆ ಸಿಗುವ ‘ಫಸ್ಟ್ ಕಾಪಿ’ ಅಂಗಿಯಿಂದ ಮೋಸಹೋದವರು ಯಾರೂ ಇಲ್ಲ, ಮಾರುವವನಿಗೂ ಕೊಳ್ಳುವವನಿಗೂ ನೋಡುವವನಿಗೂ ಅದರ ಬಂಡವಾಳ ಗೊತ್ತು. ಪ್ಯಾರಿಸಿನಲ್ಲಿ 1854ರಲ್ಲಿ ಪೆಟ್ಟಿಗೆ ಮಾಡುವ ಅಂಗಡಿ ಇಟ್ಟ ಲೂಯಿ ವಿಟಾನ್ ಅವರ ಮಗ 1896ರಲ್ಲಿ ಎಲ್ ಮತ್ತು ವಿ ಅಕ್ಷರಗಳ ಚಿತ್ತಾರವನ್ನು ಬಳಕೆಗೆ ತಂದದ್ದೇ ನಕಲು ಮಾಡುವವರನ್ನು ತಡೆಯಲು. ಇವತ್ತು ಲೋಕದಲ್ಲೇ ಹೆಚ್ಚು ನಕಲಾಗುವ ಚಿತ್ತಾರಗಳಲ್ಲಿ ಅದೂ ಒಂದು. ನಕಲಿಗೆ ಹೆದರಿ ಹುಟ್ಟಿದ ಗುರುತು ನಕಲಿನಿಂದಲೇ ಮನೆಮಾತಾಯಿತು.

ಬೆಲೆ ಗುಣಕ್ಕೆ, ಬರೀ ಹೆಸರಿಗಲ್ಲ ಎಂದು ಸಮರ್ಥಿಸುವವರಿಗೆ ಕೊಲ್ಹಾಪುರಿ ಚಪ್ಪಲಿಯ ಪ್ರಸಂಗವನ್ನು ನೆನಪಿಸಬೇಕು. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಪ್ರಾಡಾದ ಮಾಡೆಲುಗಳು ತೊಟ್ಟು ನಡೆದದ್ದು ನಮ್ಮ ಕುರುಬರ, ರೈತರ ಕಾಲಿನ ಚಪ್ಪಲಿಯ ಪಡಿಯಚ್ಚು. ಎಲ್ಲಿಂದ ತೆಗೆದುಕೊಂಡದ್ದು ಎಂಬ ಮಾತನ್ನು ಕಂಪನಿ ಆಡಿದ್ದು ಟೀಕೆ ಎದ್ದ ಮೇಲೆ. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರ ಕೈಕೆಲಸ ಅದು. ಆಮೇಲೆ ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಕುಶಲಕರ್ಮಿಗಳ ಕೈಗೆ ನಾಲ್ಕು ಕಾಸು ಹೆಚ್ಚು ಬರುವುದಾದರೆ ಒಳ್ಳೆಯದೇ. ಆದರೆ ಅದೇ ಚರ್ಮ, ಅದೇ ಹೊಲಿಗೆ, ಅದೇ ‘ಕರ್ರಬರ್ರ’ ಸದ್ದು ಇರುವ ಚಪ್ಪಲಿ ಮೆಟ್ಟಿ ಬಂದ ಮುದುಕನನ್ನು ಮಾಲಿನ ಬಾಗಿಲಲ್ಲಿ ತಡೆಯಬಹುದು, ಅದನ್ನೇ ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಡಬಹುದು ಎಂದಾದರೆ ಗುಣದ ವಾದ ಎಲ್ಲಿ ನಿಂತಿತು?

ಕಣ್ಣಿನ ಲೆಕ್ಕವನ್ನು ಬದಲಿಸಲು ಆಗುವುದೇ ಇಲ್ಲವೇ ಎಂದರೆ, ಸ್ವಲ್ಪ ಮಟ್ಟಿಗೆ ಬದಲಾಗಿದ್ದನ್ನು ನಮ್ಮ ತಾಲ್ಲೂಕು ಕಚೇರಿಗಳಲ್ಲೇ ಕಂಡಿದ್ದೇವೆ. ಪಹಣಿ ಬೇಕಾದರೆ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಮನೆ ಕಾಯಬೇಕಿದ್ದ ಕಾಲದಲ್ಲಿ ರೈತ ಇದ್ದುದರಲ್ಲೇ ಒಳ್ಳೆಯ ಅಂಗಿ ತೊಟ್ಟು, ಇಲ್ಲದ ವಿನಯವನ್ನೂ ತೊಟ್ಟು ಹೋಗುತ್ತಿದ್ದ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಕಾಗದ ಬಂತು. 2012ರಿಂದ ‘ಸಕಾಲ’ ಯೋಜನೆಯ ನಂಬರು ಇರುವ ಚೀಟಿ ಬಂತು. ಚೀಟಿಗೆ ಅಂಗಿ ಕಾಣುವುದಿಲ್ಲ. ದಲ್ಲಾಳಿಗಳು ಹೋಗಲಿಲ್ಲ, ಸರ್ವರ್ ಡೌನ್ ಎಂಬ ಹೊಸ ‘ಹೊರಗ ನಿಂದ್ರು’ ಹುಟ್ಟಿಕೊಂಡಿತು, ಅದೆಲ್ಲ ಇದೆ. ಆದರೂ ಮಾನ್ವಿಯ ನಾಡಕಚೇರಿಗೆ ಈಗ ಹೊಲದಿಂದ ನೇರ ಕೆಸರುಗಾಲಲ್ಲಿ ಬಂದು ಚೀಟಿ ತೆಗೆದುಕೊಂಡು ಹೋಗುವವರಿದ್ದಾರೆ. ಯಾವ ಬಾಗಿಲಲ್ಲಿ ಸರದಿಯ ನಂಬರು ಇದೆಯೋ ಅಲ್ಲಿಗೆ ಮೊಸಳೆಯ ಅಂಗಿ ತೊಟ್ಟು ಹೋಗುವ ಜರೂರು ಕಡಿಮೆ. ಪೊಲೀಸ್ ಠಾಣೆ, ಖಾಸಗಿ ಆಸ್ಪತ್ರೆ, ಬಾಡಿಗೆ ಮನೆ, ಕೆಲಸದ ಸಂದರ್ಶನ, ಕನ್ಯಾ ನೋಡುವ ಶಾಸ್ತ್ರ, ಇಲ್ಲೆಲ್ಲ ಇನ್ನೂ ನಂಬರಿನ ಚೀಟಿ ಬಂದಿಲ್ಲ, ಬರುವಂಥದ್ದೂ ಅಲ್ಲ. ಹೀಗಿರುವ ತನಕ ದೇವದುರ್ಗದ ಹುಡುಗ ಮುನ್ನೂರು ರೂಪಾಯಿ ಕೊಟ್ಟು ಅಂಗಿ ಕೊಳ್ಳುತ್ತಾನೆ. ಅವನಿಗೆ ಬೇರೆ ಎಲ್ಲಿಯೂ ಇಷ್ಟು ಅಗ್ಗಕ್ಕೆ ಕುರ್ಚಿ ಸಿಗುವುದಿಲ್ಲ.